ತಿಂದರೂ ತೀರದ ಹಸಿವು: ಇಲಿಯ ರಿಸೆಪ್ಟರ್ ಹೇಳಿದ್ದೇನು?

ಎರಡು ವರ್ಷದ ಮಗು. ತೂಕ ಇಪ್ಪತ್ತೈದು ಕಿಲೋ ದಾಟಿದೆ. ಹಾಲು ಕುಡಿದು ಹತ್ತು ನಿಮಿಷ ಆಗಿಲ್ಲ, ಮತ್ತೆ ಹಸಿವಿನ ಅಳು. ತಟ್ಟೆ ಎತ್ತಿಟ್ಟರೆ ಕಿರುಚಾಟ. ಇಂಥ ಮಗುವನ್ನು ಕಂಡರೆ ಸುತ್ತಲಿನ ಎಲ್ಲರ ಬಳಿಯೂ ಒಂದು ತೀರ್ಪು ಸಿದ್ಧವಾಗಿರುತ್ತದೆ. ‘ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ’ ಎಂದು ಗಂಡನ ಮನೆಯವರು. ‘ಹೊಟ್ಟೆಬಾಕ’ ಎಂದು ಬೀದಿಯ ಮಕ್ಕಳು. ಯಾರದೋ ನಜರ್ ತಗುಲಿದೆ ಎಂದು ನೆರೆಮನೆಯವರು. ತಾಯಿ ಮಾತ್ರ ತಾನು ಏನು ತಪ್ಪು ಮಾಡಿದೆನೋ ಎಂದು ಒಳಗೊಳಗೇ ಕೊರಗುತ್ತಾಳೆ.

ನಾನು ಯುನಾನಿ ವೈದ್ಯ. ನಮ್ಮ ಗ್ರಂಥಗಳಲ್ಲಿ ಅತಿಬೊಜ್ಜಿಗೆ ಸಿಮನ್-ಎ-ಮುಫ್ರಿತ್ ಎಂಬ ಹೆಸರಿದೆ. ಎಷ್ಟು ತಿಂದರೂ ತಣಿಯದ ಹಸಿವಿಗೆ ಶಹ್ವತ್-ಎ-ಕಲ್ಬಿ, ಅಂದರೆ ನಾಯಿಯ ಹಸಿವು ಎಂಬ ಹೆಸರಿದೆ. ಹಳೆಯ ಹಕೀಮರು ಇದನ್ನು ದುರ್ಗುಣಗಳ ಸಾಲಿಗೆ ಸೇರಿಸಲಿಲ್ಲ, ರೋಗಗಳ ಸಾಲಿಗೆ ಸೇರಿಸಿದರು. ಅಷ್ಟರಮಟ್ಟಿಗೆ ಅವರು ನಮ್ಮ ಬೀದಿಯವರಿಗಿಂತ ಮುಂದಿದ್ದರು. ಆದರೆ ‘ಇನ್ನು ಸಾಕು’ ಎಂಬ ಸಂದೇಶ ದೇಹದಲ್ಲಿ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ತಲುಪುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅದು ತಿಳಿದದ್ದು 1994 ಮತ್ತು 1995ರಲ್ಲಿ. ತಿಳಿಸಿಕೊಟ್ಟದ್ದು ಇಲಿ. ಇನ್ನೂ ಸರಿಯಾಗಿ ಹೇಳುವುದಾದರೆ, ಇಲಿಯ ಜೀವಕೋಶದ ಮೇಲೆ ಕುಳಿತಿರುವ ಒಂದು ಪ್ರೊಟೀನ್.

ಆ ಪ್ರೊಟೀನನ್ನು ಈಗ ಪ್ರಯೋಗಾಲಯದಲ್ಲಿ ತಯಾರಿಸಿ, ಬೆರಳುದ್ದದ ಸೀಸೆಗಳಲ್ಲಿ ತುಂಬಿ, ಜಗತ್ತಿನ ಸಂಶೋಧಕರಿಗೆ ಮಾರುತ್ತಾರೆ. ಇದಕ್ಕೂ ನಮ್ಮ ಮನೆಯ ಮಗುವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಹಳ ಹತ್ತಿರದ ಸಂಬಂಧವಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಗೇಟಿನ ಕರೆಗಂಟೆ

ನಮ್ಮ ದೇಹದ ಜೀವಕೋಶಗಳು ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ಒಂದು ಭಾಗದಿಂದ ಹೊರಟ ಹಾರ್ಮೋನು ರಕ್ತದಲ್ಲಿ ತೇಲಿ ಇನ್ನೊಂದು ಭಾಗಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಬರಮಾಡಿಕೊಳ್ಳಲು ಜೀವಕೋಶದ ಹೊರಗೋಡೆಯಲ್ಲಿ ಒಂದು ಪ್ರೊಟೀನ್ ನಿಂತಿರುತ್ತದೆ. ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಗ್ರಾಹಕ ಎಂದು ಬರೆಯುವುದುಂಟು, ಆದರೆ ಗ್ರಾಹಕ ಎಂದರೆ ಅಂಗಡಿಯ ಗಿರಾಕಿಯೇ ನೆನಪಾಗುವುದರಿಂದ ನಾನು ರಿಸೆಪ್ಟರ್ ಎಂದೇ ಬಳಸುತ್ತೇನೆ.

ಮನೆಯ ಗೇಟಿನಲ್ಲಿರುವ ಕರೆಗಂಟೆಯನ್ನು ನೆನೆಸಿಕೊಳ್ಳಿ. ಗುಂಡಿ ಹೊರಗಿದೆ. ಗೋಡೆಯೊಳಗೆ ತಂತಿ ಹಾದುಹೋಗಿದೆ. ಗಂಟೆ ಬಾರಿಸುವುದು ಮನೆಯೊಳಗೆ. ರಿಸೆಪ್ಟರ್ ಕೂಡ ಹಾಗೆಯೇ. ಅದರ ಒಂದು ತುದಿ ಜೀವಕೋಶದ ಹೊರಗೆ ಚಾಚಿಕೊಂಡಿರುತ್ತದೆ, ನಡುಭಾಗ ಗೋಡೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಬಾಲ ಒಳಗಿರುತ್ತದೆ. ಹಾರ್ಮೋನು ಬಂದು ಹೊರತುದಿಗೆ ಅಂಟಿದರೆ ಒಳಗಿನ ಬಾಲ ಎಚ್ಚರಗೊಂಡು ಜೀವಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ.

ಈಗ ಕಾಯಿಲೆ ಎರಡು ಬಗೆಯಲ್ಲಿ ಬರಬಹುದೆಂದು ನಿಮಗೇ ಹೊಳೆಯುತ್ತದೆ. ಒಂದೋ ಗುಂಡಿ ಒತ್ತುವವನೇ ಬರುವುದಿಲ್ಲ. ಇಲ್ಲವೇ ಬಂದವನು ಎಷ್ಟು ಒತ್ತಿದರೂ ತಂತಿ ತುಂಡಾಗಿದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಮನೆಯವರು ಬಾಗಿಲು ತೆರೆಯಲಿಲ್ಲ. ಆದರೆ ರಿಪೇರಿ ಒಂದೇ ಅಲ್ಲ. ಮೊದಲನೆಯದಕ್ಕೆ ಒತ್ತುವವನನ್ನು ಕಳಿಸಿದರೆ ಸಾಕು, ಎರಡನೆಯದಕ್ಕೆ ಸಾವಿರ ಜನರನ್ನು ಕಳಿಸಿದರೂ ಪ್ರಯೋಜನವಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಇದರ ಮೇಲೆಯೇ ನಿಂತಿದೆ.

ದಪ್ಪ ಇಲಿಗಳ ಊರು

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಬಾರ್ ಹಾರ್ಬರ್ ಎಂಬ ಸಮುದ್ರದಂಡೆಯ ಊರಿದೆ. ಅಲ್ಲಿನ ಜಾಕ್ಸನ್ ಲ್ಯಾಬೊರೇಟರಿ ಸಂಶೋಧನೆಗಾಗಿ ಇಲಿ ಸಾಕುವುದಕ್ಕೇ ಹೆಸರುವಾಸಿ. 1949ರಲ್ಲಿ ಅಲ್ಲಿಯ ಪಂಜರಗಳಲ್ಲಿ ಒಂದು ವಿಚಿತ್ರ ಇಲಿ ಕಣ್ಣಿಗೆ ಬಿತ್ತು. ಒಡಹುಟ್ಟಿದ ಇಲಿಗಳೆಲ್ಲ ಸಹಜವಾಗಿದ್ದರೆ ಇದು ಮಾತ್ರ ಬಿಡುವಿಲ್ಲದೆ ತಿಂದು ಉಂಡೆಯಾಗಿತ್ತು. ಇಂಥ ಇಲಿಗಳು ಸಾಮಾನ್ಯ ಇಲಿಯ ಮೂರು ಪಟ್ಟು ತೂಗುತ್ತವೆ. 1950ರಲ್ಲಿ ಇದರ ವರದಿ ಪ್ರಕಟವಾಯಿತು. ಈ ತಳಿಗೆ ಓಬಿ ಎಂದು ಹೆಸರಿಟ್ಟರು. 1966ರಲ್ಲಿ ಅದೇ ಪ್ರಯೋಗಾಲಯದಲ್ಲಿ ಇನ್ನೊಂದು ತಳಿ ಸಿಕ್ಕಿತು. ಅದೂ ದಪ್ಪ, ಅದಕ್ಕೂ ತೀರದ ಹಸಿವು, ಜೊತೆಗೆ ವಿಪರೀತ ಸಕ್ಕರೆ ಕಾಯಿಲೆ. ಇದರ ಹೆಸರು ಡಿಬಿ.

ಎರಡೂ ನೋಡಲು ಅಣ್ಣತಮ್ಮಂದಿರಂತಿದ್ದವು. ಒಂದೇ ಕಾಯಿಲೆಯೇ, ಬೇರೆ ಬೇರೆಯೇ? ಡಗ್ಲಸ್ ಕೋಲ್ಮನ್ ಎಂಬ ಕೆನಡಾ ಮೂಲದ ವಿಜ್ಞಾನಿ ಇದನ್ನು ಬಿಡಿಸಲು ಹೊರಟರು. ಅವರು ಎರಡೆರಡು ಇಲಿಗಳನ್ನು ಶಸ್ತ್ರಚಿಕಿತ್ಸೆಯಿಂದ ಪಕ್ಕಪಕ್ಕಕ್ಕೆ ಜೋಡಿಸಿದರು. ಆಗ ಒಂದರ ರಕ್ತ ಸ್ವಲ್ಪಮಟ್ಟಿಗೆ ಇನ್ನೊಂದಕ್ಕೆ ಹರಿಯುತ್ತದೆ. ಓದಲು ಕಷ್ಟವೆನಿಸುವ ಪ್ರಯೋಗ, ನಿಜ. ಇಂದಾದರೆ ನೈತಿಕ ಸಮಿತಿಯ ಮುಂದೆ ಬಹಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಅದು ಕೊಟ್ಟ ಉತ್ತರ ಅಚ್ಚರಿಯದು.

ಡಿಬಿ ಇಲಿಗೆ ಸಾಮಾನ್ಯ ಇಲಿಯನ್ನು ಜೋಡಿಸಿದಾಗ ಡಿಬಿ ತನ್ನ ಪಾಡಿಗೆ ತಿನ್ನುತ್ತಲೇ ಇತ್ತು. ಪಕ್ಕದ ಸಾಮಾನ್ಯ ಇಲಿ ಮಾತ್ರ ಆಹಾರ ಬಿಟ್ಟಿತು, ಕೊನೆಗೆ ಉಪವಾಸದಿಂದ ಸತ್ತಿತು. ಡಿಬಿಗೆ ಓಬಿಯನ್ನು ಜೋಡಿಸಿದಾಗಲೂ ಅಷ್ಟೇ, ಓಬಿ ಊಟ ಬಿಟ್ಟು ಸೊರಗಿ ಸತ್ತಿತು. ಓಬಿಗೆ ಸಾಮಾನ್ಯ ಇಲಿಯನ್ನು ಜೋಡಿಸಿದಾಗ ಯಾರಿಗೂ ಅಪಾಯವಾಗಲಿಲ್ಲ. ಓಬಿ ಸ್ವಲ್ಪ ಕಡಿಮೆ ತಿನ್ನತೊಡಗಿತು.

ಕೋಲ್ಮನ್ ಇದನ್ನು ಹೀಗೆ ಓದಿದರು: ಡಿಬಿ ಇಲಿಯ ರಕ್ತದಲ್ಲಿ ‘ಸಾಕು’ ಎನ್ನುವ ವಸ್ತು ತುಂಬಿ ತುಳುಕುತ್ತಿದೆ, ಆದರೆ ಅದನ್ನು ಕೇಳುವ ಕಿವಿ ಡಿಬಿಗೆ ಇಲ್ಲ. ಓಬಿಗೆ ಕಿವಿ ಇದೆ, ಆ ವಸ್ತು ಇಲ್ಲ. ನಮ್ಮ ಗಂಟೆಯ ಮಾತಿನಲ್ಲಿ, ಓಬಿಯ ಗೇಟಿಗೆ ಯಾರೂ ಬರುವುದಿಲ್ಲ, ಡಿಬಿಯ ಮನೆಯ ತಂತಿ ತುಂಡಾಗಿದೆ. ಆ ಕಾಲದಲ್ಲಿ ಬೊಜ್ಜು ಎಂದರೆ ನಡತೆಯ ದೋಷ, ಮನಸ್ಸು ಗಟ್ಟಿಯಿಲ್ಲದ್ದರ ಗುರುತು ಎಂದೇ ಹಲವು ವೈದ್ಯರೂ ನಂಬಿದ್ದರು. ಕೋಲ್ಮನ್ ಮಾತನ್ನು ಒಪ್ಪಲು ಬಹಳ ಜನ ತಯಾರಿರಲಿಲ್ಲ.

ಒಪ್ಪುವುದಕ್ಕೆ ಎರಡು ದಶಕ ಬೇಕಾಯಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಓಬಿ ಇಲಿಯಲ್ಲಿ ಕೆಟ್ಟಿದ್ದ ಜೀನನ್ನು ಹಿಡಿದರು. ಅದು ತಯಾರಿಸಬೇಕಾಗಿದ್ದ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗಿನದು. ಈ ಲೆಪ್ಟಿನ್ ಹುಟ್ಟುವುದು ಎಲ್ಲಿ ಗೊತ್ತೇ? ನಾವು ಸುಮ್ಮನೆ ಹೊತ್ತು ತಿರುಗುವ ಭಾರ ಎಂದು ಬಗೆದಿದ್ದ ಕೊಬ್ಬಿನಲ್ಲೇ. ಕೊಬ್ಬು ಸಾಕಷ್ಟು ಸಂಗ್ರಹವಾಗಿದೆ, ಇನ್ನು ತಿನ್ನುವುದು ಬೇಡ ಎಂದು ಕೊಬ್ಬೇ ಮೆದುಳಿಗೆ ಪತ್ರ ಬರೆಯುತ್ತದೆ.

ಪತ್ರ ಸಿಕ್ಕಿತು. ಅದನ್ನು ಪಡೆಯುವ ವಿಳಾಸ ಸಿಕ್ಕಬೇಕಿತ್ತು. 1995ರ ಡಿಸೆಂಬರಿನಲ್ಲಿ ಲೂಯಿಸ್ ಟಾರ್ಟಾಲಿಯಾ ಮತ್ತು ಸಂಗಡಿಗರು ಮಿಲೇನಿಯಂ ಎಂಬ ಅಮೆರಿಕದ ಕಂಪನಿಯಲ್ಲಿ ಅದನ್ನೂ ಪತ್ತೆ ಮಾಡಿದರು. ಅವರ ಉಪಾಯ ಸರಳ. ಲೆಪ್ಟಿನ್‌ಗೆ ಬಣ್ಣ ಬರಿಸುವ ಒಂದು ಕಿಣ್ವವನ್ನು ಅಂಟಿಸಿ, ಇಲಿಯ ಬೇರೆ ಬೇರೆ ಅಂಗಾಂಶಗಳ ಮೇಲೆ ಹಾಕಿ, ಅದು ಎಲ್ಲಿ ಅಂಟುತ್ತದೆ ಎಂದು ನೋಡುವುದು. ಮೆದುಳಿನಲ್ಲಿ ದ್ರವ ಒಸರುವ ಒಂದು ಪುಟ್ಟ ಜಾಲದಂಥ ಭಾಗಕ್ಕೆ ಅದು ಗಟ್ಟಿಯಾಗಿ ಅಂಟಿತು. ಅಲ್ಲಿಂದ ಜೀನ್ ತೆಗೆದರು. ಅದೇ ಇಲಿಯ ಲೆಪ್ಟಿನ್ ರಿಸೆಪ್ಟರ್. ಮರುವರ್ಷ, 1996ರಲ್ಲಿ, ಡಿಬಿ ಇಲಿಯ ರಹಸ್ಯ ಬಯಲಾಯಿತು. ಅದರ ರಿಸೆಪ್ಟರ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದಾಗಿ ಒಳಗಿನ ಬಾಲ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಗುಂಡಿ ಇದೆ, ತಂತಿ ಇಲ್ಲ. ಕೋಲ್ಮನ್ ರಕ್ತ ಜೋಡಿಸಿ ಊಹಿಸಿದ್ದು ಅಕ್ಷರಶಃ ನಿಜವಾಗಿತ್ತು.

ಸೀಸೆಯೊಳಗಿನ ಗುಂಡಿ

ಈಗ ಆ ಸೀಸೆಯ ವಿಷಯಕ್ಕೆ ಬರೋಣ. ಒಂದು ರಿಸೆಪ್ಟರನ್ನು ಅಭ್ಯಾಸ ಮಾಡಬೇಕೆಂದರೆ ಅದು ಕೈಗೆ ಸಿಗಬೇಕು. ಇಲಿಯ ಮೆದುಳಿನಿಂದಲೇ ತೆಗೆಯುತ್ತೇವೆ ಎಂದರೆ ಎಷ್ಟು ಇಲಿ ಕೊಂದರೂ ಚಿಟಿಕೆಯಷ್ಟೂ ಸಿಗುವುದಿಲ್ಲ, ಸಿಕ್ಕಿದ್ದೂ ಶುದ್ಧವಾಗಿರುವುದಿಲ್ಲ. ಅದಕ್ಕಾಗಿ ಬಳಸುವ ವಿಧಾನವೇ ರಿಕಾಂಬಿನೆಂಟ್ ತಂತ್ರ. ಇಲಿಯ ರಿಸೆಪ್ಟರಿನ ಜೀನಿನ ನಕಲನ್ನು ಉಂಗುರದಂಥ ಒಂದು ಡಿಎನ್‌ಎಗೆ ಹೊಲಿದು, ಅದನ್ನು ಬೇರೊಂದು ಜೀವಕೋಶದೊಳಗೆ ಸೇರಿಸುತ್ತಾರೆ. ಆ ಜೀವಕೋಶ ತನ್ನ ಪ್ರೊಟೀನ್ ಜೊತೆಗೆ ನಮಗೆ ಬೇಕಾದ ಪ್ರೊಟೀನನ್ನೂ ತಯಾರಿಸತೊಡಗುತ್ತದೆ.

ಲೆಪ್ಟಿನ್ ಚಿಕ್ಕ, ಸರಳ ಪ್ರೊಟೀನ್. ಅದನ್ನು ಬ್ಯಾಕ್ಟೀರಿಯಾದಲ್ಲೇ ಮಾಡಿಸಬಹುದು. ರಿಸೆಪ್ಟರ್ ಹಾಗಲ್ಲ. ಅದು ದೊಡ್ಡದು, ಅದರ ಮೈಮೇಲೆ ಅಲ್ಲಲ್ಲಿ ಸಕ್ಕರೆಯ ಸರಪಣಿಗಳು ಜೋಡಣೆಯಾಗಬೇಕು, ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಆ ಕುಸುರಿ ಕೆಲಸ ಪ್ರಯೋಗಾಲಯದ ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಬಾರದು. ಹಾಗಾಗಿ ಸಸ್ತನಿಗಳ ಜೀವಕೋಶಗಳನ್ನು ದ್ರವದಲ್ಲಿ ಬೆಳೆಸಿ ಅವುಗಳಿಂದ ಮಾಡಿಸುತ್ತಾರೆ.

ಇಲ್ಲೊಂದು ಜಾಣತನವಿದೆ. ಪೂರ್ತಿ ರಿಸೆಪ್ಟರನ್ನು ಮಾಡಿಸಿದರೆ ಅದು ಜೀವಕೋಶದ ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಹೊರಗಿನ ಭಾಗವನ್ನು ಮಾತ್ರ ಮಾಡಿಸುತ್ತಾರೆ. ತಂತಿಯಿಲ್ಲದ, ಗೋಡೆಯಿಲ್ಲದ, ಬರೀ ಗುಂಡಿ. ಎಷ್ಟೋ ಸಲ ಅದಕ್ಕೆ ಪ್ರತಿಕಾಯದ, ಅಂದರೆ ಆಂಟಿಬಾಡಿಯ, ಬುಡದ ತುಂಡನ್ನು ಹಿಡಿಯಾಗಿ ಜೋಡಿಸುತ್ತಾರೆ. ಆ ಹಿಡಿಯನ್ನು ಹಿಡಿದು ಪ್ರೊಟೀನನ್ನು ಶುದ್ಧಗೊಳಿಸುವುದು ಸುಲಭ. ಕೊನೆಗೆ ನೀರನ್ನು ತೆಗೆದು ಒಣಪುಡಿ ಮಾಡಿ ಸೀಸೆಗೆ ಹಾಕುತ್ತಾರೆ. ಒಂದು ಸೀಸೆಯಲ್ಲಿ 50 ಅಥವಾ 100 ಮೈಕ್ರೋಗ್ರಾಂ ಇರುವುದು ಸಾಮಾನ್ಯ. 100 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಸೀಸೆ ಖಾಲಿಯೋ ಎಂಬಂತೆ ಕಾಣುತ್ತದೆ.

ಇದರಿಂದ ಏನು ಮಾಡುತ್ತಾರೆ? ಮುಖ್ಯವಾಗಿ ಬಲೆಯಂತೆ ಬಳಸುತ್ತಾರೆ. ಜೀವಕೋಶಗಳು ಬೆಳೆಯುತ್ತಿರುವ ತಟ್ಟೆಗೆ ಲೆಪ್ಟಿನ್ ಹಾಕಿದರೆ ಅವು ಪ್ರತಿಕ್ರಿಯಿಸುತ್ತವೆ. ಅದಕ್ಕೆ ಈ ಬಿಡಿ ರಿಸೆಪ್ಟರ್ ಸೇರಿಸಿದರೆ ಅದು ಲೆಪ್ಟಿನ್ನನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ, ಜೀವಕೋಶದ ಮೇಲಿರುವ ನಿಜವಾದ ಗುಂಡಿಗೆ ತಲುಪಗೊಡುವುದಿಲ್ಲ. ಪ್ರತಿಕ್ರಿಯೆ ನಿಂತಿತೇ? ಹಾಗಾದರೆ ಅದಕ್ಕೆ ಕಾರಣ ಲೆಪ್ಟಿನ್ನೇ, ಬೇರೇನೂ ಅಲ್ಲ ಎಂದು ಖಾತ್ರಿಯಾಗುತ್ತದೆ. ಯಾವ ಔಷಧಿ ರಿಸೆಪ್ಟರಿಗೆ ಎಷ್ಟು ಬಲವಾಗಿ ಅಂಟುತ್ತದೆ ಎಂದು ಅಳೆಯಲೂ, ಹೊಸ ಪ್ರತಿಕಾಯಗಳನ್ನು ಪರೀಕ್ಷಿಸಲೂ ಇದು ಬೇಕು. ಇಲಿಯ ಜೀವಕೋಶಗಳ ಮೇಲೆ ಕೆಲಸ ಮಾಡುವಾಗ ಇಲಿಯದೇ ಪ್ರೊಟೀನ್ ಬೇಕೆಂಬುದು ಸಹಜ. ಇಲಿಯ ಲೆಪ್ಟಿನ್‌ಗೂ ಮನುಷ್ಯನ ಲೆಪ್ಟಿನ್‌ಗೂ 84 ಪ್ರತಿಶತ ಹೋಲಿಕೆ ಇದೆ. ಉಳಿದ 16 ಪ್ರತಿಶತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಾಗದು.

ಈ ಬಲೆಯ ಉಪಾಯ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಕೀಲುವಾತಕ್ಕೆ ಕೊಡುವ ಎಟನರ್ಸೆಪ್ಟ್ ಎಂಬ ಚುಚ್ಚುಮದ್ದು ಇದೇ ಮಾದರಿಯದು. ಉರಿಯೂತ ಹೆಚ್ಚಿಸುವ ಒಂದು ಪ್ರೊಟೀನನ್ನು ಹಿಡಿಯುವ ಮನುಷ್ಯ ರಿಸೆಪ್ಟರಿನ ಹೊರಭಾಗ, ಅದಕ್ಕೊಂದು ಪ್ರತಿಕಾಯದ ಹಿಡಿ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಿಮ್ಮ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಊದಿಕೊಂಡು, ಕಣ್ಣಿನೊಳಗೆ ಅಫ್ಲಿಬರ್ಸೆಪ್ಟ್ ಚುಚ್ಚುಮದ್ದು ಕೊಟ್ಟಿದ್ದರೆ ಅದೂ ಇದೇ ಜಾತಿಯ ಔಷಧಿ. ಆದರೆ ಗಮನಿಸಿ: ಇವೆರಡರಲ್ಲೂ ಇರುವುದು ಮನುಷ್ಯ ರಿಸೆಪ್ಟರಿನ ಭಾಗ, ಇಲಿಯದಲ್ಲ. ಇಲಿಯ ಪ್ರೊಟೀನಿನ ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ಅದು ಔಷಧಿಯಲ್ಲ, ಯಾವ ಮನುಷ್ಯನಿಗೂ ಕೊಡುವಂಥದಲ್ಲ.

ನಮ್ಮ ಓದುಗರಿಗೆ ಇಂಥ ಔಷಧಿಗಳ ಮೂಲದ ಬಗ್ಗೆ ಪ್ರಶ್ನೆ ಬರುವುದುಂಟು. ರಿಕಾಂಬಿನೆಂಟ್ ತಂತ್ರ ಬರುವ ಮೊದಲು ಇನ್ಸುಲಿನ್ನನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿಸಿದ ಮಾನವ ಇನ್ಸುಲಿನ್ ಬಂದ ಮೇಲೆ ಆ ಚಿಂತೆ ಬಹುಪಾಲು ತೀರಿತು. ಇಂದು ನಿಮ್ಮ ಮನೆಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಇದೇ ತಂತ್ರದ ಮಗು.

ಎಂಟು ವರ್ಷ, 86 ಕಿಲೋ

ಇಲಿಯ ಕತೆ ಮನುಷ್ಯನಿಗೆ ತಾಗಿದ್ದು 1997ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಓ’ರಾಹಿಲಿ, ಸದಾಫ್ ಫಾರೂಕಿ ಮೊದಲಾದ ವೈದ್ಯರ ಬಳಿ ಇಬ್ಬರು ಮಕ್ಕಳಿದ್ದರು. ಒಬ್ಬಳು ಎಂಟು ವರ್ಷದ ಹುಡುಗಿ, ತೂಕ 86 ಕಿಲೋ. ಇನ್ನೊಬ್ಬ ಅವಳ ಸಂಬಂಧದ ಎರಡು ವರ್ಷದ ಹುಡುಗ, ತೂಕ 29 ಕಿಲೋ. ಪಾಕಿಸ್ತಾನಿ ಮೂಲದ ಕುಟುಂಬ, ರಕ್ತಸಂಬಂಧದಲ್ಲೇ ಮದುವೆಗಳಾಗಿದ್ದವು. ಮಕ್ಕಳ ಮೈತುಂಬ ಕೊಬ್ಬಿದ್ದರೂ ರಕ್ತದಲ್ಲಿ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಜೀನಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಓಬಿ ಇಲಿಯ ಕಾಯಿಲೆಯೇ ಮನುಷ್ಯರಲ್ಲಿ.

ಮುಂದೆ ನಡೆದದ್ದನ್ನು ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಹುಡುಗಿಗೆ ಒಂಬತ್ತನೇ ವಯಸ್ಸಿನಲ್ಲಿ ರಿಕಾಂಬಿನೆಂಟ್ ಮಾನವ ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದರು. ತಿನ್ನುವ ಹಠ ತಗ್ಗಿತು. ಒಂದು ವರ್ಷದಲ್ಲಿ ತೂಕ 16 ಕಿಲೋಗೂ ಹೆಚ್ಚು ಇಳಿಯಿತು, ಹೋದದ್ದು ಬಹುತೇಕ ಕೊಬ್ಬೇ. 1999ರಲ್ಲಿ ಇದರ ವರದಿ ಬಂತು. ಆ ಮಗುವಿನ ಹಸಿವಿಗೆ ಕಾರಣ ದುರಾಸೆಯಾಗಿರಲಿಲ್ಲ, ತಾಯಿಯ ಮುದ್ದೂ ಆಗಿರಲಿಲ್ಲ.

1998ರಲ್ಲಿ ಫ್ರಾನ್ಸಿನಿಂದ ಇನ್ನೊಂದು ವರದಿ ಬಂದಿತ್ತು. ಅಲ್ಜೀರಿಯಾ ಮೂಲದ ಕುಟುಂಬದ ಮೂವರು ಅಕ್ಕತಂಗಿಯರು. ಅವರ ರಕ್ತದಲ್ಲಿ ಲೆಪ್ಟಿನ್ ಬೇಕಾದಷ್ಟಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಕೆಟ್ಟಿದ್ದು ರಿಸೆಪ್ಟರ್. ಇವರು ಮನುಷ್ಯರಲ್ಲಿನ ಡಿಬಿ. ಇವರಿಗೆ ಲೆಪ್ಟಿನ್ ಚುಚ್ಚಿ ಫಲವಿಲ್ಲ. ತಂತಿಯೇ ಇಲ್ಲದ ಮನೆಗೆ ಇನ್ನೊಬ್ಬ ಅತಿಥಿಯನ್ನು ಕಳಿಸಿದಂತೆ. ಇವರಂಥವರಿಗಾಗಿ ತುಂಡಾದ ಜಾಗವನ್ನು ದಾಟಿ, ಮುಂದಿನ ಮಜಲಿನ ಬೇರೊಂದು ರಿಸೆಪ್ಟರನ್ನು ನೇರವಾಗಿ ಎಚ್ಚರಿಸುವ ಸೆಟ್‌ಮೆಲನೊಟೈಡ್ ಎಂಬ ಚುಚ್ಚುಮದ್ದು ತಯಾರಾಯಿತು. 2020ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಬೆಲೆ ಮಾತ್ರ ಸಾಮಾನ್ಯ ಕುಟುಂಬ ನೆನೆಸಿಕೊಳ್ಳಲಾಗದಷ್ಟು ದುಬಾರಿ.

ಇವು ಅಪರೂಪದ ಕಾಯಿಲೆಗಳು. ಆದರೆ ಎಲ್ಲ ಕಡೆಯೂ ಒಂದೇ ಸಮ ಅಪರೂಪವಲ್ಲ. ರಕ್ತಸಂಬಂಧದ ಮದುವೆ ಹೆಚ್ಚಿರುವ ಪಾಕಿಸ್ತಾನದಲ್ಲಿ ತೀವ್ರ ಬೊಜ್ಜಿನ ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ 30 ಪ್ರತಿಶತ ಮಕ್ಕಳ ಬೊಜ್ಜಿಗೆ ಲೆಪ್ಟಿನ್, ಲೆಪ್ಟಿನ್ ರಿಸೆಪ್ಟರ್ ಮತ್ತು ಇದೇ ದಾರಿಯ ಮುಂದಿನ ಇನ್ನೊಂದು ರಿಸೆಪ್ಟರಿನ ಜೀನ್ ದೋಷಗಳು ಕಾರಣವೆಂದು ಕಂಡಿತು.

ಕಾರಣ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಪ್ರತಿಯೊಬ್ಬರಲ್ಲೂ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಒಬ್ಬ ಅಜ್ಜನ ಕೆಟ್ಟ ಪ್ರತಿ ಮಗನಿಗೂ ಮಗಳಿಗೂ ಹರಿದು, ಅವರ ಮಕ್ಕಳು ಪರಸ್ಪರ ಮದುವೆಯಾದರೆ, ಅವರ ಮಗುವಿನಲ್ಲಿ ಆ ಎರಡು ಕೆಟ್ಟ ಪ್ರತಿಗಳು ಒಂದಾಗುವ ಸಾಧ್ಯತೆ ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ‘ಮೊದಲನೇ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ’ ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಹಾಗಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ಈ ಮಾತು ಎತ್ತಿದಾಗ ಕೆಲವರು ಮುಖ ಗಂಟಿಕ್ಕುತ್ತಾರೆ. ಚಾಚಾನ ಮಗಳನ್ನೋ ಖಾಲಾನ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಅನುಮತಿ ಇರುವ ವಿಷಯ, ಕಡ್ಡಾಯವಲ್ಲ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ ನಮ್ಮ ನೆರೆಹೊರೆಯ ಬೇರೆ ಸಮುದಾಯಗಳಲ್ಲೂ ಇದೆ, ಆದ್ದರಿಂದ ಇದು ಒಬ್ಬರ ಕಡೆ ಬೆರಳು ತೋರುವ ವಿಷಯವಲ್ಲ. ಹೆದರಿಸುವುದೂ ನನ್ನ ಉದ್ದೇಶವಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಹತ್ತಿರದ ಸಂಬಂಧದ ಮದುವೆಯಲ್ಲಿ ಮಗುವಿಗೆ ಜನ್ಮದೋಷ ಇರುವ ಸಂಭವ ಸುಮಾರು 3 ಪ್ರತಿಶತದಿಂದ 6 ಪ್ರತಿಶತಕ್ಕೆ ಏರುತ್ತದೆ. ಅಂದರೆ ಎರಡು ಪಟ್ಟು, ಆದರೂ ನೂರರಲ್ಲಿ ತೊಂಬತ್ತನಾಲ್ಕು ಮಕ್ಕಳು ಆ ದೋಷವಿಲ್ಲದೆ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಈಗಾಗಲೇ ಇಂಥ ಮಗು ಹುಟ್ಟಿದ್ದರೆ ಆ ಸರಾಸರಿ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಅದೇ ಮನೆತನದೊಳಗೆ ಮತ್ತೊಂದು ಸಂಬಂಧ ಮಾತಾಡುವ ಮೊದಲು ಜೀನ್ ತಜ್ಞರನ್ನು ಒಮ್ಮೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ನಿಮ್ಮ ಮಗುವಿನ ಬೊಜ್ಜು ಯಾವುದು?

ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ಸುತ್ತಲಿನ ದಪ್ಪ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಇಲ್ಲ. ಅವರ ಬೊಜ್ಜಿನಲ್ಲಿ ಬೇಕರಿ ತಿಂಡಿ, ಸಿಹಿ ಪಾನೀಯ, ಮೊಬೈಲ್ ಮತ್ತು ಆಟದ ಮೈದಾನವಿಲ್ಲದ ಓಣಿ ಇವುಗಳ ಪಾಲೇ ಹೆಚ್ಚು. ಅವರ ದೇಹದಲ್ಲಿ ಲೆಪ್ಟಿನ್ ಹೆಚ್ಚೇ ಇರುತ್ತದೆ. ಮೆದುಳು ಅದಕ್ಕೆ ಒಗ್ಗಿಹೋಗಿ ಸರಿಯಾಗಿ ಕಿವಿಗೊಡುವುದಿಲ್ಲ. ತೊಂಬತ್ತರ ದಶಕದಲ್ಲಿ ಸಾಮಾನ್ಯ ಬೊಜ್ಜಿನವರಿಗೆ ಲೆಪ್ಟಿನ್ ಕೊಟ್ಟು ನೋಡಿದಾಗ ದೊಡ್ಡ ಫಲ ಕಾಣಲಿಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ‘ಇಲಿಗಳಲ್ಲಿ ಬೊಜ್ಜು ಕರಗಿತು’ ಎಂಬ ಸುದ್ದಿ ಓದಿದಾಗ ಯಾವ ಇಲಿ, ಅದರಲ್ಲಿ ಏನು ಕೆಟ್ಟಿತ್ತು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಲೆಪ್ಟಿನ್ ಹೆಸರಿನಲ್ಲಿ ಮಾರುವ ಮಾತ್ರೆ, ಪುಡಿಗಳಿಗೆ ದುಡ್ಡು ಸುರಿಯಬೇಡಿ. ಲೆಪ್ಟಿನ್ ಒಂದು ಪ್ರೊಟೀನ್. ಬಾಯಿಯಿಂದ ತಿಂದರೆ ಹೊಟ್ಟೆ ಅದನ್ನು ಬೇಳೆ ಮಾಂಸದಂತೆಯೇ ಜೀರ್ಣ ಮಾಡಿಬಿಡುತ್ತದೆ. ಇನ್ಸುಲಿನ್ ಚುಚ್ಚುಮದ್ದಿನಲ್ಲಿ ಕೊಡುವುದೂ ಇದೇ ಕಾರಣಕ್ಕೆ. ನಮ್ಮದೇ ಪದ್ಧತಿಯ ಮಾಜೂನು, ಅರ್ಕುಗಳೂ ತುಂಡಾದ ರಿಸೆಪ್ಟರನ್ನು ಕೂಡಿಸಲಾರವು. ಸಾಮಾನ್ಯ ಬೊಜ್ಜಿಗೆ ಆಹಾರ ಕ್ರಮ, ವ್ಯಾಯಾಮದ ಜೊತೆ ಅವುಗಳನ್ನು ಕೊಡುತ್ತೇನೆ. ಜನ್ಮದಿಂದ ಬಂದ ಈ ಹಸಿವಿಗೆ ಕೊಡುವುದಿಲ್ಲ. ಅಂಥ ಮಗುವಿಗೆ ಔಷಧಿ ಬರೆದುಕೊಟ್ಟು ತಿಂಗಳುಗಟ್ಟಲೆ ತಡಮಾಡುವ ಹಕೀಮ, ಯಾರೇ ಇರಲಿ, ಒಳ್ಳೆಯದು ಮಾಡುತ್ತಿಲ್ಲ.

ಹಾಗಾದರೆ ಯಾವ ಮಗುವಿನ ಬಗ್ಗೆ ಅನುಮಾನ ಪಡಬೇಕು? ಹುಟ್ಟುವಾಗ ತೂಕ ಸರಿಯಾಗಿದ್ದು, ಮೊದಲ ಕೆಲವು ತಿಂಗಳಲ್ಲೇ ಬೆಲೂನಿನಂತೆ ಊದತೊಡಗಿದ ಮಗು. ತಿಂದ ಕೂಡಲೇ ಮತ್ತೆ ತಿನ್ನಲು ಬೇಡುವ, ಕೊಡದಿದ್ದರೆ ರೊಚ್ಚಿಗೇಳುವ, ಕದ್ದು ತಿನ್ನುವ, ಕಸದಲ್ಲಿದ್ದುದನ್ನೂ ಬಿಡದ ಮಗು. ಪದೇ ಪದೇ ಎದೆಯ ಸೋಂಕು, ಜ್ವರ ಬರುತ್ತಿರುವುದು. ದೊಡ್ಡವರಾದರೂ ಪ್ರೌಢರಾಗದಿರುವುದು. ತಂದೆತಾಯಿ ಸಾಧಾರಣ ಮೈಕಟ್ಟಿನವರಾಗಿದ್ದು ಒಂದೇ ಮಗು ಹೀಗಿರುವುದು, ಅದರಲ್ಲೂ ಅವರದು ರಕ್ತಸಂಬಂಧದ ಮದುವೆಯಾಗಿರುವುದು.

ಇವುಗಳಲ್ಲಿ ಹಲವು ಒಟ್ಟಿಗೆ ಕಂಡರೆ ಮಕ್ಕಳ ಹಾರ್ಮೋನು ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತದ ಲೆಪ್ಟಿನ್ ಪರೀಕ್ಷೆ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಲೆಪ್ಟಿನ್ ಇಲ್ಲದ ಮಗುವನ್ನು ಅದು ತೋರಿಸೀತು, ರಿಸೆಪ್ಟರ್ ಕೆಟ್ಟ ಮಗುವಿನಲ್ಲಿ ಅದು ಬೇರೆ ದಪ್ಪ ಮಕ್ಕಳಲ್ಲಿರುವಷ್ಟೇ ಕಂಡು ದಾರಿ ತಪ್ಪಿಸಬಹುದು. ಖಚಿತವಾಗುವುದು ಜೀನ್ ಪರೀಕ್ಷೆಯಿಂದ. ಹೋಗುವಾಗ ಅಂಗನವಾಡಿಯ ತಾಯಿ ಕಾರ್ಡ್, ಲಸಿಕೆ ಪುಸ್ತಕ, ಎಲ್ಲೆಲ್ಲಿ ತೂಕ ಬರೆದಿದೆಯೋ ಅವೆಲ್ಲವನ್ನೂ ಒಯ್ಯಿರಿ. ಒಂದು ಹಾಳೆಯಲ್ಲಿ ದಾದಾ, ದಾದಿ, ನಾನಾ, ನಾನಿಯಿಂದ ಶುರು ಮಾಡಿ ಯಾರು ಯಾರನ್ನು ಮದುವೆಯಾದರು, ಯಾವ ಮಗು ಚಿಕ್ಕಂದಿನಲ್ಲೇ ತೀರಿಕೊಂಡಿತು, ಯಾರು ಹೀಗೇ ದಪ್ಪಗಿದ್ದರು ಎಂದು ಬರೆದುಕೊಳ್ಳಿ. ಮನೆಯ ಹಿರಿಯ ಹೆಂಗಸರಿಗೆ ಇದೆಲ್ಲ ಬಾಯಿಪಾಠ ಇರುತ್ತದೆ. ಅವರನ್ನೇ ಕೂರಿಸಿ ಬರೆಸಿ.

ಪರೀಕ್ಷೆಯ ಫಲ ಬರುವವರೆಗೆ ಅಡುಗೆಮನೆಗೆ ಬೀಗ ಹಾಕಬೇಕಾಗಬಹುದು, ಹಾಕಿ. ಊಟಕ್ಕೆ ಗೊತ್ತಾದ ಸಮಯ, ಗೊತ್ತಾದ ಅಳತೆ ಇರಲಿ, ಮನೆಯ ಎಲ್ಲರೂ ಅದನ್ನೇ ಪಾಲಿಸಲಿ. ಆದರೆ ಆ ಮಗುವನ್ನು ಹೊಡೆಯಬೇಡಿ, ಅದರ ಮುಂದೆ ‘ಹೊಟ್ಟೆಬಾಕ’ ಎನ್ನಬೇಡಿ. ಅದಕ್ಕೆ ನಿಜವಾಗಿಯೂ ಹಸಿವಾಗುತ್ತಿದೆ.